ಸೀಸದ ಸೈನಿಕರ ಒಳಗೆ ಟೊಳ್ಳೇಕೆ?

ಪ್ರಶ್ನೆ: ಹಳೆಯ ಬ್ರಿಟಿಷ್ ಸೀಸದ ಸೈನಿಕ ಗೊಂಬೆಗಳು ಒಳಗೆ ಟೊಳ್ಳಾಗಿರುವುದೇಕೆ?

ಉತ್ತರ: ಅದು ಲಂಡನ್ನಿನ ವಿಲಿಯಂ ಬ್ರಿಟನ್ ಕುಟುಂಬದ ಜಾಣ್ಮೆ. ಆಗ ಮಾರುಕಟ್ಟೆ ಜರ್ಮನಿಯ ಗಟ್ಟಿ ಎರಕದ ಗೊಂಬೆಗಳದ್ದು. 1893ರಲ್ಲಿ ಈ ಕುಟುಂಬ ಹೊಸ ವಿಧಾನ ತಂದಿತು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಸುರಿಯಬೇಕು. ಅಚ್ಚಿನ ಗೋಡೆಗೆ ತಾಗಿದ್ದು ಕ್ಷಣದಲ್ಲಿ ಹೆಪ್ಪುಗಟ್ಟುತ್ತದೆ, ನಡುವೆ ಉಳಿದ ದ್ರವವನ್ನು ಕೂಡಲೇ ಹೊರಚೆಲ್ಲಬೇಕು. ಹೊತ್ತು ತಪ್ಪಿದರೆ ಗೊಂಬೆ ಕೆಟ್ಟಂತೆಯೇ. ಎಂಥ ಕೈಚಳಕ! ಲೋಹ ಉಳಿಯಿತು, ತೂಕ ಇಳಿಯಿತು, ಬೆಲೆಯೂ ತಗ್ಗಿತು. 1960ರ ದಶಕದಲ್ಲಿ ಪ್ಲಾಸ್ಟಿಕ್ ಬಂದು, ಸೀಸದ ವಿಷದ ಭಯವೂ ಸೇರಿ ಈ ತಯಾರಿಕೆ ನಿಂತಿತು.

ಸಂಗ್ರಹಿಸುವವರು ದಯವಿಟ್ಟು ಹೊಸ ಬಣ್ಣ ಬಳಿಯಬೇಡಿ. ಮೂಲ ಬಣ್ಣಕ್ಕೇ ಬೆಲೆ. ಓಕ್ ಮರದ ಕಪಾಟೂ ಬೇಡ: ಅದರ ಆಮ್ಲದ ಆವಿಗೆ ಸೀಸ ಬಿಳಿ ಪುಡಿಯಾಗಿ ಉದುರುತ್ತದೆ. ಮುಟ್ಟಿದ ಮೇಲೆ ಕೈ ತೊಳೆಯಿರಿ.