ಮುಖಭಾವ ಮತ್ತು ದಾಂಪತ್ಯ ಸುಖ

ಮನದ ಭಾವ ಮುಖದಲ್ಲಿ ಮೂಡುವುದೆಂಬುದು ನಮಗೆ ಹೊಸ ಮಾತಲ್ಲ. ನಾಟ್ಯಶಾಸ್ತ್ರವು ನಗೆಯೊಂದನ್ನೇ ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ವಿಂಗಡಿಸಿದೆ. ಆದರೆ ಆ ವಿಂಗಡಣೆ ರಂಗಕ್ಕಾಗಿ. ಮನೆಯೊಳಗಿನ ಗಂಡಹೆಂಡಿರ ಮುಖಭಾವಕ್ಕೂ ದಾಂಪತ್ಯದ ತೃಪ್ತಿಗೂ ಸಂಬಂಧವುಂಟೆ ಎಂಬುದನ್ನು ಅಳೆದು ನೋಡಿದವರು ಈಚಿನ ಮನಶ್ಶಾಸ್ತ್ರಜ್ಞರು. ಅವರು ಕಂಡುದನ್ನು ಇಲ್ಲಿ ಸಂಗ್ರಹವಾಗಿ ನಿವೇದಿಸುತ್ತೇವೆ.

ಅಳೆಯುವುದಕ್ಕೆ ಅಳತೆಗೋಲು ಬೇಕಷ್ಟೆ. ಮನಃಪೂರ್ವಕವಾದ ನಗೆಯಲ್ಲಿ ತುಟಿಯ ಕೊನೆಗಳು ಮೇಲೇರುವುದಲ್ಲದೆ ಕಣ್ಣಿನ ಸುತ್ತಣ ಸ್ನಾಯುವೂ ಬಿಗಿಯುತ್ತದೆಂದು ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರಲ್ಲಿ ವಿವರಿಸಿದನು. 1978ರಲ್ಲಿ ಪಾಲ್ ಎಕ್ಮನ್ ಮತ್ತು ವ್ಯಾಲೇಸ್ ಫ್ರೀಸನ್ ಮುಖದ ಚಲನೆಗಳಿಗೆ ಅಂಕಿಗಳನ್ನು ಕೊಟ್ಟರು. ಕೆನ್ನೆ ಏರುವುದು 6, ತುಟಿಯ ಕೊನೆಗಳು ಏರುವುದು 12. ಎರಡೂ ಕೂಡಿದರೆ ಡ್ಯುಶೆನ್ ಹೇಳಿದ ನಗೆ.

ಅಮೆರಿಕದ ಜಾನ್ ಗಾಟ್ಮನ್ ಮತ್ತು ರಾಬರ್ಟ್ ಲೆವೆನ್ಸನ್ 1980ರ ದಶಕದಿಂದ ದಂಪತಿಗಳನ್ನು ಎದುರುಬದುರು ಕೂರಿಸಿ, ಅವರಲ್ಲಿ ಭಿನ್ನಾಭಿಪ್ರಾಯವಿದ್ದ ವಿಷಯವನ್ನು 15 ನಿಮಿಷ ಮಾತಾಡಿಸಿ, ಅದನ್ನು ಚಿತ್ರೀಕರಿಸಿ, ವರ್ಷಗಳ ಅನಂತರ ಅವರ ಸ್ಥಿತಿಯನ್ನು ವಿಚಾರಿಸಿದರು. ಸಿಟ್ಟಿನ ಮುಖಕ್ಕಿಂತ ತಾತ್ಸಾರದ ಮುಖವೇ ದಾಂಪತ್ಯಕ್ಕೆ ಹೆಚ್ಚು ಕೇಡೆಂದು ಅವರಿಗೆ ಕಂಡುಬಂದಿತು. ತುಟಿಯ ಒಂದೇ ಕೊನೆ ಬಿಗಿಯುವುದು, ಕಣ್ಣನ್ನು ಮೇಲಕ್ಕೆ ಹೊರಳಿಸುವುದು ಇದರ ಕುರುಹುಗಳು. ಸಿಟ್ಟು ಮಾಡಿದ ಕೆಲಸವನ್ನು ಆಕ್ಷೇಪಿಸುತ್ತದೆ; ತಾತ್ಸಾರವು ಮಾಡಿದವರನ್ನೇ ಕೀಳೆಣಿಸುತ್ತದೆ. ಬಾಳಿಕೆಯ ದಾಂಪತ್ಯಗಳಲ್ಲಿ, ಜಗಳದ ನಡುವೆಯೂ, ಒಂದು ಕಹಿ ನಡತೆಗೆ ಸುಮಾರು ಐದು ಸವಿ ನಡತೆಗಳಿದ್ದುವು.

ಇನ್ನೊಂದು ಶೋಧನೆ 2001ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನಲ್ಲಿ 1958 ಮತ್ತು 1960ರಲ್ಲಿ ಓದು ಮುಗಿಸಿದ ಮಹಿಳೆಯರ ವಾರ್ಷಿಕ ಸಂಚಿಕೆಯ ಭಾವಚಿತ್ರಗಳನ್ನು ಹಾರ್ಕರ್ ಮತ್ತು ಕೆಲ್ಟ್ನರ್ ಪರೀಕ್ಷಿಸಿದರು. 21ರ ವಯಸ್ಸಿನ ಚಿತ್ರದಲ್ಲಿ ಹೃತ್ಪೂರ್ವಕವಾಗಿ ನಕ್ಕವರು 52ರ ವಯಸ್ಸಿನಲ್ಲಿ ದಾಂಪತ್ಯದಲ್ಲಿ ಸರಾಸರಿ ಹೆಚ್ಚು ತೃಪ್ತರಾಗಿದ್ದರು. ರೂಪದ ಚೆಲುವು ಇದಕ್ಕೆ ಕಾರಣವಾಗಿರಲಿಲ್ಲ.

ಇಲ್ಲಿ ಅಧ್ಯಾಪಕ ಬಂಧುಗಳು ಒಂದು ಎಚ್ಚರಿಕೆಯನ್ನು ವಹಿಸಬೇಕು. ಸರಾಸರಿಯು ಗುಂಪಿಗೆ ಸಲ್ಲುವುದೇ ಹೊರತು ಒಬ್ಬೊಬ್ಬರಿಗಲ್ಲ. ಕಂಡ ಸಂಬಂಧವೂ ಬಲವಾದುದಲ್ಲ. ಊರಿನಲ್ಲಿ ವಧೂವರರ ವಿಷಯವಾಗಿ ಮೇಷ್ಟರ ಅಭಿಪ್ರಾಯ ಕೇಳುವವರು ಇಂದಿಗೂ ಉಂಟು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹತ್ತು ಜನರೆದುರು ತಲೆ ತಗ್ಗಿಸಿ ಕುಳಿತ ಹುಡುಗಿಯ ಮುಖದಲ್ಲಿ ಸಂಕೋಚವನ್ನಲ್ಲದೆ ಇನ್ನೇನನ್ನು ಕಾಣಬಹುದು? ಅವಳ ಭಾವಚಿತ್ರದ ನಗೆಯನ್ನು ಅಳೆದು ಭವಿಷ್ಯ ನುಡಿಯುವುದು ಈ ಶೋಧನೆಗಳಿಗೆ ಅಪಚಾರ; ಆ ಹುಡುಗಿಗೆ ಅನ್ಯಾಯ. ಮದುವೆಯಾದವರು ಮಾತ್ರ ಇವುಗಳಿಂದ ಪ್ರಯೋಜನ ಪಡೆಯಬಹುದು. ಜಗಳವಾಡುವಾಗಲೂ ಎದುರಿನವರನ್ನು ಹೀಗಳೆಯದ ಮುಖವನ್ನು ಅಭ್ಯಾಸದಿಂದ ರೂಢಿಸಿಕೊಳ್ಳಬಹುದೆಂದು ನಾವು ನಂಬಿದ್ದೇವೆ.