ಮೊದಲ ತುತ್ತಿಗೆ ಎಷ್ಟನೆಯ ತಿಂಗಳು?

ಮಗುವಿಗೆ ಆರು ತಿಂಗಳು, ದಿನದ ಲೆಕ್ಕದಲ್ಲಿ 180 ದಿನ, ತುಂಬುವವರೆಗೆ ಎದೆಹಾಲು ಮಾತ್ರ. ಆಮೇಲೆ ಎದೆಹಾಲು ಬಿಡಿಸದೆ ಜೊತೆಗೆ ಮೇಲಾಹಾರ. ವಿಶ್ವ ಆರೋಗ್ಯ ಸಂಸ್ಥೆಯಿಂದ ಹಿಡಿದು ಊರಿನ ಆಶಾ ಕಾರ್ಯಕರ್ತೆಯವರೆಗೆ ಎಲ್ಲರೂ ಇಂದು ಹೇಳುವುದು ಇದನ್ನೇ. ಕೇಳಲು ಅನಾದಿ ಕಾಲದ ಮಾತಿನಂತಿದ್ದರೂ ಇದು ಜಗತ್ತಿಗೆಲ್ಲ ಒಂದೇ ನಿಯಮವಾದದ್ದು 2001ರಲ್ಲಿ. ಅದಕ್ಕೂ ಹಿಂದಿನ ನೂರು ವರ್ಷಗಳಲ್ಲಿ ವೈದ್ಯರು ಹೇಳುತ್ತಿದ್ದ ವಯಸ್ಸು ಒಂದು ವರ್ಷದಿಂದ ಇಳಿಯುತ್ತ ಇಳಿಯುತ್ತ, ಒಬ್ಬ ವೈದ್ಯನ ಕೈಯಲ್ಲಿ ಹುಟ್ಟಿದ ಎರಡನೆಯ ದಿನಕ್ಕೂ ಬಂದು, ಮತ್ತೆ ಮೇಲೇರಿದೆ.

ಮಗುವಿನ ದೇಹ ಇಂಥದೇ ಒಂದು ದಿನ ಊಟಕ್ಕೆ ಸಿದ್ಧವಾಗುವುದಿಲ್ಲ. ಹೊಸದರಲ್ಲಿ ಬಾಯಿಗಿಟ್ಟ ಗಟ್ಟಿ ಪದಾರ್ಥವನ್ನು ನಾಲಿಗೆ ತಾನಾಗಿಯೇ ಹೊರದಬ್ಬುತ್ತದೆ. ನಾಲ್ಕರಿಂದ ಆರು ತಿಂಗಳೊಳಗೆ ಈ ಅಭ್ಯಾಸ ಬಿಟ್ಟುಹೋಗುತ್ತದೆ. ಅಷ್ಟು ಹೊತ್ತಿಗೆ ಕತ್ತು ನಿಂತಿರುತ್ತದೆ, ಆಸರೆ ಕೊಟ್ಟರೆ ಕೂರಲು ಬರುತ್ತದೆ. ಪಿಷ್ಟವನ್ನು ಒಡೆಯುವ ಮೇದೋಜೀರಕ ಗ್ರಂಥಿಯ ಕಿಣ್ವ ಮೊದಲ ತಿಂಗಳುಗಳಲ್ಲಿ ತೀರ ಕಡಿಮೆ. ಇನ್ನೊಂದು ಕಡೆ, ದಿನ ತುಂಬಿ ಹುಟ್ಟಿದ ಮಗು ತಾಯಿಯ ಹೊಟ್ಟೆಯಿಂದ ತಂದ ಕಬ್ಬಿಣದ ಸಂಗ್ರಹ ಆರು ತಿಂಗಳ ಸುಮಾರಿಗೆ ಬರಿದಾಗುತ್ತ ಬರುತ್ತದೆ. ಎದೆಹಾಲಿನಲ್ಲಿ ಕಬ್ಬಿಣ ಲೀಟರಿಗೆ ಅರ್ಧ ಮಿಲಿಗ್ರಾಂನಷ್ಟೂ ಇಲ್ಲ. ಆರರಿಂದ ಎಂಟು ತಿಂಗಳ ಮಗುವಿಗೆ ಎದೆಹಾಲಿನ ಮೇಲೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು, ವರ್ಷ ದಾಟಿದ ಮೇಲೆ 550. ಬೇಗ ಕೊಡಬೇಡಿ ಎನ್ನುವ ಕಾರಣಗಳೂ ತಡ ಮಾಡಬೇಡಿ ಎನ್ನುವ ಕಾರಣಗಳೂ ಹೀಗೆ ಒಂದೆರಡು ತಿಂಗಳ ಅಂತರದಲ್ಲಿ ಎದುರುಬದುರಾಗುತ್ತವೆ. ಆ ನಡುವೆ ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಒಂದೊಂದು ಕಾಲವೂ ತನಗೆ ಯಾವುದರ ಭಯ ಹೆಚ್ಚೋ ಅದನ್ನು ನೋಡಿ ನಿರ್ಧರಿಸಿದೆ.

ಭಾರತದ ಹಳೆಯ ಗ್ರಂಥಗಳಲ್ಲಿ ಆರನೆಯ ತಿಂಗಳು ಮತ್ತೆ ಮತ್ತೆ ಬರುತ್ತದೆ. ಅನ್ನಪ್ರಾಶನಕ್ಕೆ ಆಶ್ವಲಾಯನ ಗೃಹ್ಯಸೂತ್ರ, ಮನುಸ್ಮೃತಿ ಎರಡೂ ಅದನ್ನೇ ಹೇಳುತ್ತವೆ. ಆರನೆಯ ತಿಂಗಳಲ್ಲಿ ಹಗುರವೂ ಹಿತವೂ ಆದ ಅನ್ನವನ್ನು ಉಣಿಸಬೇಕೆಂಬುದು ಸುಶ್ರುತ ಸಂಹಿತೆಯ ಮಾತು. ಆಶ್ವಲಾಯನದ ಪಟ್ಟಿ ಇಂದಿನ ಓದುಗರನ್ನು ಸ್ವಲ್ಪ ಬೆರಗುಗೊಳಿಸಬಹುದು: ತುಪ್ಪದನ್ನ, ಮೊಸರು, ಜೇನುಗಳ ಜೊತೆಗೆ ಫಲಾಪೇಕ್ಷೆಗೆ ತಕ್ಕಂತೆ ಆಡಿನ ಮಾಂಸವೂ ಅಲ್ಲಿದೆ. ಹಿಂದಿನವರಿಗೆ ಎಲ್ಲವೂ ತಿಳಿದಿತ್ತು ಎಂದು ಹಿಗ್ಗುವ ಮೊದಲು ಮಕ್ಕಳ ವೈದ್ಯಕ್ಕೇ ಮೀಸಲಾದ ಕಾಶ್ಯಪ ಸಂಹಿತೆಯನ್ನೂ ತೆರೆದು ನೋಡಬೇಕು. ಅದು ಆರನೆಯ ತಿಂಗಳಿಗೆ ಹಣ್ಣನ್ನಷ್ಟೇ ಹೇಳಿ, ಅನ್ನವನ್ನು ಹತ್ತನೆಯ ತಿಂಗಳಿಗೆ ಮುಂದೂಡುತ್ತದೆ. ಗಂಡುಮಗುವಿಗೆ ಸಮ ತಿಂಗಳು, ಹೆಣ್ಣುಮಗುವಿಗೆ ಬೆಸ ತಿಂಗಳು ಎಂಬ ರೂಢಿಯಂತೆ ಐದರಲ್ಲೋ ಏಳರಲ್ಲೋ ಶಾಸ್ತ್ರ ಮುಗಿಸುವ ಮನೆಗಳು ಈಗಲೂ ಇವೆ. ಇನ್ನು, ಶಾಸ್ತ್ರದ ಜೇನಿಗೆ ಇಂದಿನ ವೈದ್ಯರು ಒಪ್ಪುವುದಿಲ್ಲ. ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷವಾಗುವುದರಿಂದ, ವರ್ಷ ತುಂಬುವವರೆಗೆ ಜೇನು ಬೇಡವೆನ್ನುತ್ತಾರೆ.

ರೋಮ್‌ನಲ್ಲಿ ವೈದ್ಯ ನಡೆಸುತ್ತಿದ್ದ ಎಫೆಸಸ್‌ನ ಸೊರಾನಸ್ ಕೂಡ ಎರಡನೆಯ ಶತಮಾನದಲ್ಲಿ ಸುಮಾರು ಆರು ತಿಂಗಳವರೆಗೆ ಹಾಲೇ ಸಾಕೆಂದ. ನಲವತ್ತು ದಿನಕ್ಕೇ ಕಾಳುಹಿಟ್ಟಿನ ಅಂಬಲಿ ಕುಡಿಸುವ ಹೆಂಗಸರನ್ನು ಅವನು ಗದರುತ್ತಾನೆ. ಆ ಆತುರ ಮಾತ್ರ ಯುರೋಪಿನಲ್ಲಿ ನಿಲ್ಲಲಿಲ್ಲ. ಹಿಟ್ಟನ್ನೋ ಬ್ರೆಡ್ಡನ್ನೋ ನೀರಿನಲ್ಲಿ, ಹಾಲಿನಲ್ಲಿ ಬೇಯಿಸಿದ ಗಂಜಿ ಎಷ್ಟೋ ಶತಮಾನ ಎಳೆಗೂಸುಗಳ ಆಹಾರವಾಗಿತ್ತು. ಅದರಿಂದ ಸತ್ತವರೂ ಬಹಳ. ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ 1860ರ ದಶಕದಲ್ಲಿ ಗೋಧಿಹಿಟ್ಟಿಗೆ ಮೊಳಕೆ ಕಟ್ಟಿಸಿದ ಧಾನ್ಯದ ಹಿಟ್ಟು ಬೆರೆಸಿ ಹಸುವಿನ ಹಾಲಿನಲ್ಲಿ ಬೇಯಿಸುವ ಮಕ್ಕಳ ಆಹಾರವನ್ನು ರೂಪಿಸಿದ. 1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆಯಲ್ಲಿ ಆನ್ರಿ ನೆಸ್ಲೆಯ ಹಾಲುಹಿಟ್ಟು ಬಂತು. ಶತಮಾನ ತಿರುಗುವಾಗ ವೈದ್ಯರನ್ನು ಕಾಡುತ್ತಿದ್ದುದು ಬೇಸಿಗೆಯ ಭೇದಿ. ಅದರ ಭಯದಲ್ಲಿ ಅಮೆರಿಕದಲ್ಲಿ 1920ಕ್ಕೆ ಮುಂಚೆ ವರ್ಷ ತುಂಬುವ ಮೊದಲು ಗಟ್ಟಿ ಆಹಾರ ಕೊಡುವುದೇ ಅಪರೂಪವಾಗಿತ್ತು.

ಆಮೇಲೆ ಬಂದದ್ದು ವಿಟಮಿನ್ನುಗಳ ಕಾಲ. ಕಾಯಿಸಿ ಡಬ್ಬಿಗೆ ತುಂಬಿದ ಹಾಲು ಕುಡಿದ ಮಕ್ಕಳಿಗೆ ಸ್ಕರ್ವಿ, ಬಿಸಿಲು ಕಾಣದ ಮಕ್ಕಳಿಗೆ ರಿಕೆಟ್ಸ್ ಬರುತ್ತಿತ್ತು. ಕಿತ್ತಳೆ ರಸ, ಕಾಡ್ ಮೀನಿನ ಎಣ್ಣೆ ಬಹಳ ಬೇಗ ಶುರುವಾದವು. ಹಣ್ಣು, ತರಕಾರಿ ಅವುಗಳ ಬೆನ್ನಿಗೇ ಬಂದವು. 1928ರಲ್ಲಿ ಮಿಶಿಗನ್‌ನ ಫ್ರೀಮಾಂಟ್ ಊರಿನ ಗರ್ಬರ್ ಕುಟುಂಬದ ಕ್ಯಾನಿಂಗ್ ಕಂಪನಿ ಸೋಸಿದ ಬಟಾಣಿ, ಕ್ಯಾರೆಟ್, ಪಾಲಕ್‌ಗಳನ್ನು ಡಬ್ಬಿಗಳಲ್ಲಿ ಮಾರಾಟಕ್ಕಿಟ್ಟಿತು. ಟೊರಾಂಟೊದ ಮಕ್ಕಳ ಆಸ್ಪತ್ರೆಯ ವೈದ್ಯರು ರೂಪಿಸಿದ, ಬೇಯಿಸುವ ಗೋಜಿಲ್ಲದ ಪಾಬ್ಲಮ್ ಎಂಬ ಧಾನ್ಯದ ಪುಡಿ 1930ರ ದಶಕದಲ್ಲಿ ಮನೆಮಾತಾಯಿತು. ಕೊಡುವುದು ಸುಲಭವಾದಂತೆ ಕೊಡುವ ವಯಸ್ಸೂ ಇಳಿಯಿತು. ಮಗು ಬೇಗ ಉಂಡರೆ ಅದು ಚುರುಕು ಎಂಬ ತಾಯಂದಿರ ಹೆಮ್ಮೆಯೂ, ರಾತ್ರಿ ಹೊಟ್ಟೆ ತುಂಬಿದರೆ ನಿದ್ದೆ ಮಾಡೀತೆಂಬ ಆಸೆಯೂ ಇದಕ್ಕೆ ಕೂಡಿಕೊಂಡವು. 1950ರ ದಶಕದಲ್ಲಿ ಫ್ಲಾರಿಡಾದ ವೈದ್ಯ ವಾಲ್ಟರ್ ಸ್ಯಾಕೆಟ್ ಹುಟ್ಟಿದ ಎರಡನೆಯ, ಮೂರನೆಯ ದಿನವೇ ಧಾನ್ಯದ ಗಂಜಿ, ಹತ್ತನೆಯ ದಿನ ಸೋಸಿದ ತರಕಾರಿ ಕೊಡಿಸಿದ. ಅದನ್ನೂ ವೈದ್ಯಕೀಯ ಪತ್ರಿಕೆ ಅಚ್ಚುಹಾಕಿತು. ಎರಡೂವರೆ ಮೂರು ತಿಂಗಳಿಗೆ ಮುಂಚೆ ಗಟ್ಟಿ ಆಹಾರ ಕೊಟ್ಟು ಲಾಭವೇನೂ ಇಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1958ರಲ್ಲಿ ಹೇಳಿತಾದರೂ ಕೇಳಿಸಿಕೊಂಡವರು ಕಡಿಮೆ.

ವಯಸ್ಸು ಕೆಳಗೇ ಉಳಿಯಲು ಹೆಚ್ಚು ಯಾರೂ ಗಮನಿಸದ ಇನ್ನೊಂದು ಕಾರಣವಿತ್ತು: ತೂಕದ ಚಾರ್ಟು. 1977ರಲ್ಲಿ ಅಮೆರಿಕ ಹೊರತಂದ, ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿಗೆಲ್ಲ ಹಂಚಿದ ಬೆಳವಣಿಗೆಯ ರೇಖೆಗಳಲ್ಲಿ ಎಳೆಮಕ್ಕಳ ಭಾಗಕ್ಕೆ ಆಧಾರ ಓಹಾಯೋದ ಯೆಲ್ಲೋ ಸ್ಪ್ರಿಂಗ್ಸ್ ಸುತ್ತಿನ ಮಕ್ಕಳು. ಅವರಲ್ಲಿ ಬಹುಪಾಲು ಬಾಟಲಿ ಹಾಲು ಕುಡಿದವರು. ಎದೆಹಾಲು ಕುಡಿಯುವ ಮಗು ಮೊದಲ ಎರಡು ಮೂರು ತಿಂಗಳು ಬೇಗ ಬೇಗ ತೂಕ ಏರಿಸಿಕೊಂಡು ಆಮೇಲೆ ನಿಧಾನವಾಗುತ್ತದೆ. ಓಹಾಯೋದ ರೇಖೆಯ ಮೇಲಿಟ್ಟರೆ ಅದೇ ಆರೋಗ್ಯವಂತ ಮಗು ನಾಲ್ಕನೆಯ ತಿಂಗಳಲ್ಲಿ ಸೊರಗಿದಂತೆ ಕಾಣುತ್ತದೆ. ಹಾಲು ಸಾಲುತ್ತಿಲ್ಲ, ಗಂಜಿ ಶುರುಮಾಡಿ ಎಂಬ ಸಲಹೆ ಎಷ್ಟೋ ದೇಶಗಳ ಕ್ಲಿನಿಕ್ಕುಗಳಲ್ಲಿ ಹೊರಟದ್ದು ಹೀಗೆ. ಆ ಗಂಜಿಯಲ್ಲಿ ಏನಿರುತ್ತದೆ ಎಂಬುದೂ ಅದೇ ಹೊತ್ತಿಗೆ ತಿಳಿಯಿತು. ಪಶ್ಚಿಮ ಆಫ್ರಿಕದ ಗ್ಯಾಂಬಿಯಾದ ಹಳ್ಳಿಗಳಲ್ಲಿ ಮಕ್ಕಳ ಅಂಬಲಿಯನ್ನು ಪರೀಕ್ಷಿಸಿದ ಸಂಶೋಧಕರು, ಮಾಡಿಟ್ಟು ಹೊತ್ತು ಕಳೆದಂತೆ ಅದರಲ್ಲಿ ರೋಗಾಣುಗಳು ತುಂಬಿಕೊಳ್ಳುವುದನ್ನು 1978ರಲ್ಲಿ ಪ್ರಕಟಿಸಿದರು. ಕೊಡದಿದ್ದರೆ ಹಸಿವು, ಕೊಟ್ಟರೆ ಭೇದಿ.

ಬ್ರಿಟನ್ನಿನ ತಜ್ಞರ ಸಮಿತಿ 1974ರಲ್ಲೇ ನಾಲ್ಕು ತಿಂಗಳಿಗೆ ಮುಂಚೆ ಬೇಡವೆಂದಿತ್ತು. ಮುಂದೆ ನಾಲ್ಕರಿಂದ ಆರು ತಿಂಗಳು ಎಂಬ ಸಡಿಲ ಸೂತ್ರ ಎಲ್ಲೆಡೆ ನಡೆಯಿತು. 1992ರ ಭಾರತದ ಕಾನೂನು ಮಕ್ಕಳ ಹಾಲುಪುಡಿ, ಬಾಟಲಿ, ಡಬ್ಬಿ ಆಹಾರಗಳ ಜಾಹೀರಾತಿಗೆ ಕಡಿವಾಣ ಹಾಕಿದಾಗಲೂ ಮಕ್ಕಳ ಆಹಾರವನ್ನು ನಾಲ್ಕು ತಿಂಗಳ ನಂತರದ್ದೆಂದೇ ಬರೆದುಕೊಂಡಿತ್ತು. ಗಂಟು ಬಿಚ್ಚಿದ್ದು ಪ್ರಯೋಗಗಳು. ಹೊಂಡುರಾಸ್‌ನಲ್ಲಿ ಕ್ಯಾಥರಿನ್ ಡ್ಯೂಯಿ ಮತ್ತು ಸಂಗಡಿಗರು ಒಂದು ಗುಂಪಿನ ಮಕ್ಕಳಿಗೆ ನಾಲ್ಕು ತಿಂಗಳಿಗೇ ಶುಚಿಯಾದ ಸಿದ್ಧ ಆಹಾರ ಕೊಡಿಸಿದರು. ಉಳಿದವರಿಗೆ ಆರು ತಿಂಗಳು ಎದೆಹಾಲು ಮಾತ್ರ. 1994ರಲ್ಲಿ ಬಂದ ಫಲಿತಾಂಶದಲ್ಲಿ ಬೇಗ ಉಂಡವರು ಹೆಚ್ಚು ಬೆಳೆದಿರಲಿಲ್ಲ. ತಿಂದಷ್ಟೂ ಎದೆಹಾಲು ಕುಡಿಯುವುದನ್ನು ಕಡಿಮೆ ಮಾಡಿದ್ದರು. ಬೆಲಾರುಸ್‌ನಲ್ಲಿ ಮೈಕೆಲ್ ಕ್ರೇಮರ್ ಮುಂದಾಳಾಗಿ 17,046 ತಾಯಿ-ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ, ಮೂರು ತಿಂಗಳ ಬದಲು ಆರು ತಿಂಗಳು ಎದೆಹಾಲನ್ನಷ್ಟೇ ಕುಡಿದವರಿಗೆ ಹೊಟ್ಟೆಯ ಸೋಂಕು ಕಡಿಮೆ ಎಂದು ಕಂಡಿತು. 2001ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಅಧಿವೇಶನ ಆರು ತಿಂಗಳನ್ನು ಒಪ್ಪಿತು. 2003ರಲ್ಲಿ ಭಾರತ ಕಾನೂನನ್ನು ತಿದ್ದಿ ನಾಲ್ಕನ್ನು ಆರು ಮಾಡಿತು. ಓಹಾಯೋದ ರೇಖೆಗಳು 2006ರಲ್ಲಿ ಪಕ್ಕಕ್ಕೆ ಸರಿದವು. ಭಾರತವೂ ಸೇರಿ ಆರು ದೇಶಗಳ, ಎದೆಹಾಲುಂಡ ಮಕ್ಕಳ ತೂಕದ ಮೇಲೆ ಹೊಸ ಚಾರ್ಟು ಬಂತು.

ಯುರೋಪಿನ ಮಕ್ಕಳ ಜಠರರೋಗ ತಜ್ಞರು ಮಾತ್ರ 17ನೆಯ ವಾರಕ್ಕೆ ಮೊದಲು ಬೇಡ, 26ನೆಯ ವಾರ ದಾಟಿಸಬೇಡಿ ಎಂಬ ಅಗಲವಾದ ಗೆರೆಯನ್ನೇ ಇಟ್ಟುಕೊಂಡಿದ್ದಾರೆ. ಶುದ್ಧ ನೀರಿರುವ ಕಡೆ ಅಲರ್ಜಿಯ ಚಿಂತೆ ದೊಡ್ಡದು. ಅಲ್ಲಿಯೂ ಒಂದು ಪಲ್ಟಿ ಆಗಿದೆ. ಅಪಾಯವಿರುವ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿ ಬೇಡವೆಂದು 2000ದಲ್ಲಿ ಹೇಳಿದ್ದ ಅಮೆರಿಕದ ಅಕಾಡೆಮಿ 2008ರಲ್ಲಿ ಆ ಮಾತನ್ನು ಹಿಂತೆಗೆದುಕೊಂಡಿತು. ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ 640 ಮಕ್ಕಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವರ್ಷದೊಳಗೇ ಕಡಲೆಕಾಯಿ ರುಚಿ ಕಂಡವರಲ್ಲಿ ಅದರ ಅಲರ್ಜಿ ಐದನೆಯ ಒಂದು ಭಾಗಕ್ಕೆ ಇಳಿದಿತ್ತು. ಇಡೀ ಬೀಜವನ್ನಲ್ಲ, ಪುಡಿಯನ್ನೋ ನುಣ್ಣಗೆ ಅರೆದದ್ದನ್ನೋ ಕೊಡಬೇಕು. ಬೀಜ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ತಿಂಗಳು ತೀರ್ಮಾನವಾದ ಮೇಲೂ ಬಟ್ಟಲಲ್ಲಿ ಏನು ಎಂಬ ಪ್ರಶ್ನೆ ಉಳಿಯುತ್ತದೆ. ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆ ಹಿಡಿಯುವುದು ಒಮ್ಮೆಗೆ 240 ಮಿಲಿಲೀಟರಿನಷ್ಟು. ನೀರುನೀರಾದ ಗಂಜಿಯಿಂದ ಅದು ತುಂಬುತ್ತದೆಯೇ ಹೊರತು ಶಕ್ತಿ ಸಿಗುವುದಿಲ್ಲ. ಹಿಟ್ಟು ಹೆಚ್ಚಿಸಿದರೆ ಅಂಟಾಗಿ ನುಂಗಲಾಗುವುದಿಲ್ಲ. ಈ ಇಕ್ಕಟ್ಟಿಗೆ ಕರ್ನಾಟಕದ ಮನೆಗಳಲ್ಲಿ ಹಳೆಯ ಉತ್ತರವೊಂದಿದೆ: ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಳಿಸಿದ ಹಿಟ್ಟಿನ ರಾಗಿ ಸರಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳುವಾಗಿಯೇ ಇರುತ್ತದೆ. ಲೀಬಿಗ್ ಗೋಧಿಹಿಟ್ಟಿಗೆ ಮೊಳಕೆಹಿಟ್ಟು ಬೆರೆಸಿದ್ದೂ ಇದೇ ಕಿಣ್ವಕ್ಕಾಗಿ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿ, ಹೆಸರುಕಾಳು ಸೇರಿದ ಮಕ್ಕಳ ಆಹಾರಗಳನ್ನು ಇದೇ ತತ್ವದ ಮೇಲೆ ಅಭ್ಯಸಿಸಿದರು. ರಾಗಿಯ ಸುಣ್ಣದಂಶ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ, ಬೇರೆ ಯಾವ ಧಾನ್ಯಕ್ಕೂ ಇಲ್ಲದಷ್ಟು. ಕಬ್ಬಿಣದ ವಿಷಯದಲ್ಲಿ ಮಾತ್ರ ಸರಿಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಮೊಟ್ಟೆ, ಮೀನು, ಮಾಂಸಗಳಲ್ಲಿ ಒಂದಾದರೂ ದಿನವೂ ಇರಲಿ, ಹಣ್ಣು ತರಕಾರಿ ಬಿಡಬೇಡಿ, ಬೇಳೆಕಾಳು ಆಗಾಗ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹೇಳುತ್ತದೆ.

ಬೇಗ ಕೊಡುವ ಚಟವನ್ನು ಬಿಡಿಸಲು ಹುಟ್ಟಿದ ನಿಯಮಕ್ಕೆ ಭಾರತದಲ್ಲಿ ಈಗ ಎದುರಾಗಿರುವುದು ತಡ ಮಾಡುವವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಎದೆಹಾಲಿನ ಜೊತೆಗೆ ಗಟ್ಟಿ ಅಥವಾ ಅರೆಗಟ್ಟಿ ಆಹಾರ ಸಿಗುತ್ತಿದ್ದುದು ಶೇ 45.9 ಮಂದಿಗೆ. ಆರರಿಂದ 23 ತಿಂಗಳೊಳಗಿನವರಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಆಹಾರ ತಿನ್ನುತ್ತಿದ್ದವರು ಶೇ 11ರಷ್ಟು.