ಮಾತ್ರೆ ನುಂಗಿದರೆ ಗರ್ಭಕೋಶ ಒಣಗುವುದಿಲ್ಲ

ಹದಿನೆಂಟು ತುಂಬುತ್ತಲೇ ಮದುವೆಯಾದ ಹುಡುಗಿಗೆ ಮೂರು ತಿಂಗಳೊಳಗೆ ‘ಏನಾದ್ರೂ ವಿಶೇಷ ಇದೆಯಾ?’ ಎಂಬ ವಿಚಾರಣೆ ಶುರುವಾಗುತ್ತದೆ. ಎರಡು ವರ್ಷ ತಡೆಯೋಣವೆಂದು ಅವಳು ಬಾಯಿಬಿಟ್ಟರೆ ಅತ್ತೆ, ಓರಗಿತ್ತಿ, ಕೊನೆಗೆ ಹೆತ್ತ ತಾಯಿಯೂ ಹೇಳುವುದು ಒಂದೇ: ‘ಮೊದಲು ಒಂದು ಆಗಿಬಿಡಲಿ. ಈಗಲೇ ಮಾತ್ರೆ ತಗೊಂಡ್ರೆ ಗರ್ಭಕೋಶ ಒಣಗಿಹೋಗುತ್ತೆ.’

ಒಣಗುವುದಿಲ್ಲ.

ಮಾತ್ರೆ ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ. ನಿಲ್ಲಿಸಿದ ಕೆಲವೇ ದಿನಗಳಲ್ಲಿ ಅದರ ಹಾರ್ಮೋನು ದೇಹದಿಂದ ಹೊರಹೋಗುತ್ತದೆ. ಯುರೋಪಿನಲ್ಲಿ ಮಗು ಬೇಕೆಂದು ಮಾತ್ರೆ ಬಿಟ್ಟ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಗಮನಿಸಿದ ಅಧ್ಯಯನದಲ್ಲಿ ಐವರಲ್ಲಿ ಒಬ್ಬರು ಮೊದಲ ಋತುಚಕ್ರದಲ್ಲೇ, ಶೇ 79ರಷ್ಟು ಮಂದಿ ವರ್ಷದೊಳಗೆ ಬಸಿರಾದರು. ಆದರೂ ನಂಬಿಕೆ ಸಾಯುವುದಿಲ್ಲ. ಮಾತ್ರೆ ನುಂಗಿ ಆಮೇಲೆ ಮೂರು ಹೆತ್ತವಳ ಕಥೆಯನ್ನು ಯಾರೂ ಹೇಳುವುದಿಲ್ಲ. ಮಕ್ಕಳಾಗದ ಒಬ್ಬಳ ಕಥೆ ಊರೆಲ್ಲ ಸುತ್ತುತ್ತದೆ. ಅವಳ ಗಂಡನನ್ನು ಪರೀಕ್ಷಿಸಿದ್ದರೇ ಎಂದು ಕೇಳುವವರಿಲ್ಲ.

ಗರ್ಭಕೋಶದೊಳಗೆ ಇಡುವ ವಂಕಿಯ ಬಗೆಗಿನ ಭಯಕ್ಕೆ ಮಾತ್ರ ಒಂದು ಹಿನ್ನೆಲೆಯಿದೆ. ಅಮೆರಿಕದ ಡಾಲ್ಕನ್ ಶೀಲ್ಡ್ ಎಂಬ ವಂಕಿಯಿಂದ ಹಲವರಿಗೆ ತೀವ್ರ ಸೋಂಕು ತಗುಲಿ, 1974ರಲ್ಲಿ ಅಲ್ಲಿ ಅದರ ಮಾರಾಟ ನಿಂತಿತು. ಈಗಿನ ಕಾಪರ್-ಟಿ ಅದಲ್ಲ. ಮೆಕ್ಸಿಕೊ ನಗರದಲ್ಲಿ ಒಮ್ಮೆಯೂ ಬಸಿರಾಗದ ಹೆಂಗಸರ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗರ್ಭನಾಳ ಮುಚ್ಚಿಹೋಗುವುದಕ್ಕೂ ತಾಮ್ರದ ವಂಕಿಗೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಕ್ಲಮೈಡಿಯಾ ಸೋಂಕಿಗೆ. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಚುಚ್ಚುಮದ್ದು ಬಿಟ್ಟ ಮೇಲೆ ಬಸಿರಾಗಲು ಕೆಲವು ತಿಂಗಳು ತಡವಾಗುವುದು ನಿಜ, ಆದರೆ ತಡ ಬೇರೆ, ಬಂಜೆತನ ಬೇರೆ.

ಉಳಿದ ತಪ್ಪು ನಂಬಿಕೆಗಳನ್ನು ಬೇಗ ಮುಗಿಸಬಹುದು. ಪಪ್ಪಾಯಿ ಗರ್ಭನಿರೋಧಕವಲ್ಲ. ತುರ್ತು ಮಾತ್ರೆ ಗರ್ಭಪಾತದ ಮಾತ್ರೆಯಲ್ಲ, ನಿಂತ ಗರ್ಭವನ್ನು ಅದು ಅಲುಗಿಸುವುದೂ ಇಲ್ಲ.

ಸಿಟ್ಟು ಬರುವುದು ಈ ಭಯ ದಿಕ್ಕು ತಪ್ಪಿರುವುದಕ್ಕೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತೆಯರಲ್ಲಿ ಶೇ 57ರಷ್ಟು ಮಂದಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿದೆ. ಬೇಕೆಂದಾಗ ಬಿಡಬಹುದಾದ ಮಾತ್ರೆಗೆ ಹೆದರುವ ಮನೆಯೇ, ಮತ್ತೆ ಸರಿಪಡಿಸಲು ಕಷ್ಟವಾದ ‘ಆಪರೇಷನ್’ಗೆ ಸೊಸೆಯನ್ನು ಧೈರ್ಯವಾಗಿ ಕಳಿಸುತ್ತದೆ. ಹದಿಹರೆಯದ ಹೆರಿಗೆಯಲ್ಲಿ ನಂಜು, ಸೋಂಕು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸುತ್ತಲೇ ಇದೆ. ಆ ಅಪಾಯವನ್ನು ಮಾತ್ರ ಯಾರೂ ಲೆಕ್ಕಕ್ಕಿಡುವುದಿಲ್ಲ.

ಮಾಲಾ-ಎನ್, ಛಾಯಾ ಮಾತ್ರೆಗಳು, ನಿರೋಧ್ ಕಾಂಡೋಮ್ ಮೂರೂ ಆಶಾ ಕಾರ್ಯಕರ್ತೆಯ ಚೀಲದಲ್ಲೇ ಸಿಗುತ್ತವೆ. ಆದರೆ ಜಗುಲಿಯಲ್ಲಿ ಅವಳೊಂದಿಗೆ ಮಾತಿಗೆ ಕೂರುವುದು ಅತ್ತೆ. ಒಳಗಿರುವ ಹುಡುಗಿಯೊಡನೆ ಒಂಟಿಯಾಗಿ ಹತ್ತು ನಿಮಿಷ ಮಾತಾಡಲು ಸಿಗದಿದ್ದರೆ ಆ ಚೀಲ ತೆರೆಯುವುದೇ ಇಲ್ಲ.